ಟೆಲಿಪ್ರಿಂಟರಿಗೆ ಕುಸುಬೆ ಎಣ್ಣೆ

ನಮ್ಮ ಕಚೇರಿಯ ಹಳೆಯ ಟೆಲಿಪ್ರಿಂಟರುಗಳನ್ನು ತೆಗೆದುಹಾಕುತ್ತಾರಂತೆ. ಸುದ್ದಿ ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಇದೇನು ಹೊಸದಲ್ಲ, ಅವನ್ನು ತಂದಾಗಲೂ ನನಗೆ ನಿದ್ದೆ ಬಂದಿರಲಿಲ್ಲ.

ಆ ಯಂತ್ರವನ್ನು ನಾನು ಮೊದಲು ಕಂಡದ್ದು ಐವತ್ತರ ದಶಕದಲ್ಲಿ, ರೋಣದ ಟಪಾಲು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ಹೊತ್ತು ಗದಗಿಗೆ ಹೊರಟಿದ್ದ ಲಾರಿಯೊಂದರ ಸ್ಪ್ರಿಂಗಿನ ಪಾಟಾ ನಮ್ಮ ಬಾಗಿಲೆದುರು ಮುರಿಯಿತು. ಜೊತೆಗಿದ್ದ ಮೆಕ್ಯಾನಿಕ್ ಸಾಹೇಬರು ಯಂತ್ರವನ್ನು ಒಳಗಿಳಿಸಿ, ನನ್ನ ಸಹಿ ಪಡೆದು, "ಸಂಜಿತನಕ ಕಾಯ್ರಿ, ಮುಟ್ಟಬ್ಯಾಡ್ರಿ" ಎಂದು ಹೇಳಿ, ಹೊಸ ಪಾಟಾ ತರಲು ನರಗುಂದಕ್ಕೆ ಹೋದರು.

ಮುಟ್ಟದೆ ಕಾಯಬಹುದಿತ್ತು. ಆದರೆ ದಾರಿಯ ಧೂಳೆಲ್ಲ ನನ್ನ ಸಹಿ ಬಿದ್ದ ಮೇಲೆಯೇ ಹೊಕ್ಕಿದ್ದೆಂದು ಯಾರಾದರೂ ಬರೆದರೆ? ಮುಚ್ಚಳ ತೆಗೆದು ಒರೆಸಿದೆ. ಒರೆಸಿದ ಮೇಲೆ ಎಲ್ಲ ಒಣಒಣ ಕಂಡಿತು. ಕಚೇರಿಯ ಬೀಗಕ್ಕೂ ಸೈಕಲ್ಲಿಗೂ ಹಾಕುತ್ತಿದ್ದ ಕುಸುಬೆ ಎಣ್ಣೆಯನ್ನೇ ಪ್ರತಿ ಸಂದಿಗೂ ಧಾರಾಳವಾಗಿ ಬಿಟ್ಟೆ.

ಅಷ್ಟರಲ್ಲಿ ಗಜೇಂದ್ರಗಡದ ಹಿರಿಯ ನೇಕಾರರೊಬ್ಬರು ಕಾರ್ಡು ಕೊಳ್ಳಲು ಬಂದರು. ರೋಣದಲ್ಲಿದ್ದ ಮಗಳ ಮನೆಗೆ ಬಂದವರು. ಯಂತ್ರದ ಕಡೆ ಮೂಗರಳಿಸಿ ಮೂಸಿದರು.

"ಇದಕ್ಕ ಕುಸುಬಿ ಎಣ್ಣಿ ಹಾಕೀರೇನ್ರಿ?"

"ಹೌದ್ರಿ. ಯಾಕ?"

"ಎರಡ ದಿನಕ್ಕ ಅಂಟಾಗಿ ಕುಂದರತೈತಿ. ನನ್ನ ಮಗ್ಗದ ಡಾಬಿಗೆ ಅಳಿಯ ಹಿಂಗ ಹಾಕಿದ್ದ. ಮಗಳ ಕೊಟ್ಟೀನಂತ ಸುಮ್ಮನಿದ್ದೆ. ನಿಮಗ ಯಾರು ಸುಮ್ಮನಿರತಾರ?"

ನೌಕರಿ ಹೋಯಿತೆಂದುಕೊಂಡೆ. ಅವರು ಚಿಮಣಿ ಎಣ್ಣೆ, ಅರಿವೆಚೂರು ಕೇಳಿ ಪಡೆದು, ಒಂದೊಂದೇ ಸಂದಿಯನ್ನು ತೊಳೆಯತೊಡಗಿದರು.

"ಡಾಬಿ ಸೀರಿ ದಡಿಗೆ ಯಾವ ಎಳಿ ಏಳಬೇಕು ಹೇಳತೈತಿ. ಇಲ್ಲಿ ಈ ಐದು ಪಟ್ಟಿ ಸೇರಿ ಯಾವ ಅಕ್ಷರ ಏಳಬೇಕು ಹೇಳತಾವು. ಇದೂ ಮಗ್ಗನ ಬಿಡ್ರಿ."

ತೊಳೆದದ್ದು ಸರಿಯಾಯಿತೋ ಇಲ್ಲವೋ ನೋಡಲು ಕಚೇರಿಯಲ್ಲಿ ಕರೆಂಟಿರಲಿಲ್ಲ. ಕಾಗದದ ಜಾಗಕ್ಕೆ ತಂತಿಯ ಫಾರ್ಮು ಸಿಕ್ಕಿಸಿ, ನಾನು ಮೋಟಾರಿನ ಚಕ್ರವನ್ನು ಕೈಯಿಂದ ತಿರುಗಿಸಿದೆ. ಅವರು ಅಯಸ್ಕಾಂತದ ಮುಂದಿನ ಕಬ್ಬಿಣದ ತುಂಡನ್ನು ಬೆರಳಿನಿಂದ ಒತ್ತಿ, ಚಣ ಬಿಟ್ಟು, ಮತ್ತೆ ಒತ್ತಿದರು. ಒಳಗೆ ಪಟ್ಟಿಗಳು ಸರಿದಾಡಿದವು, ಒಂದು ಕೋಲು ಚಂಗನೆ ಎದ್ದಿತು: ಕಾಗದದ ಮೇಲೆ ಇಂಗ್ಲಿಷಿನ ಓ. ಬಿಡುವು ತುಸು ಹೆಚ್ಚಿಸಿದರೆ ಟಿ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಓ, ಟಿ, ಓ, ಓ! ಮದುವೆಯಲ್ಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಫಾರ್ಮು ತುಂಬುವ ಹೊತ್ತಿಗೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

"ಮುಟ್ಟಬ್ಯಾಡ್ರಿ ಅಂದಿದ್ನಲ್ರಿ."

ನಾನು ಎಲ್ಲ ಒಪ್ಪಿಕೊಂಡೆ. ಸೈಕಲ್ಲಿಗೆ ಎಣ್ಣೆ ಹಾಕುವುದನ್ನೂ ಸೇರಿಸಿ. ಸಾಹೇಬರು ಒಳಗೆ ಬೆರಳಾಡಿಸಿ ಮೂಸಿದರು. ಆಮೇಲೆ ಫಾರ್ಮು ನೋಡಿದರು.

"ಕರೆಂಟ ಇಲ್ದ ಈ ಅಕ್ಷರ ಹ್ಯಾಂಗ ಬಿದ್ದುವು?"

"ನೀವು ಚಕ್ರ ತಿರುವ್ರಿ ಸಾಹೇಬ್ರ, ತೋರಸ್ತೀನಿ," ಅಂದರು ನೇಕಾರರು.

ಸಾಹೇಬರು ಅಂಗಿಯ ತೋಳು ಮಡಚಿ ಚಕ್ರಕ್ಕೆ ಕೈಹಾಕಿದರು. ಪಾಟಾ ಕೂಡಿಸಿಯಾಯಿತೆಂದು ಹೊರಗೆ ಡ್ರೈವರ್ ಹಾರ್ನು ಹೊಡೆದ, ಮತ್ತೆ ಹೊಡೆದ. ಸಾಹೇಬರು ಚಕ್ರ ಬಿಡದೆ, "ಒಂದು ಎಮ್ ಬೀಳೂತನಕ ತಡಿಯಪ್ಪಾ" ಎಂದು ಕೂಗಿದರು. ಆಗ ನನಗೆ ಉಸಿರು ಬಂತು.