ಕಾರ್ಡು ಕೈಬಿಡುವ ಹೊತ್ತು

ಬೆಳಗಿನ ಐದೂಮುಕ್ಕಾಲು. ಆಂಬುಲೆನ್ಸ್ ಕರೆ ಕೇಂದ್ರದ ಸರ್ವರ್ ಕೋಣೆಯಲ್ಲಿ, ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಕೀಬೋರ್ಡಿನ ಮೇಲೆ ಬೆರಳಿಟ್ಟು ಕೂತಿದ್ದಾರೆ. ಒತ್ತುತ್ತಿಲ್ಲ. ಎಲ್ಲರೂ ಅವರನ್ನು ಕರೆಯುವುದು ವೈರಕ್ಕ ಎಂದೇ. ಹನ್ನೊಂದು ವರ್ಷದಿಂದ ಇಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವುದು ಇವರೊಬ್ಬರೇ. ದಿನಕ್ಕೆ ಆರು ಸಾವಿರ ಕರೆ. ಒಂದೊಂದು ದನಿಯೂ ಸೆಕೆಂಡಿಗೆ ಐವತ್ತು ತುಣುಕಾಗಿ ಇಲ್ಲಿನ ಎರಡು ಯಂತ್ರಗಳಲ್ಲಿ ಒಂದನ್ನು ಹಾದುಹೋಗಬೇಕು.

"ಇದನ್ನ ಒತ್ತೋಕೆ ಭಯ ಆಗುತ್ತೆ ನೋಡು," ಎಂದು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾರೆ.

ಇಷ್ಟು ದಿನ ಆ ತುಣುಕುಗಳನ್ನು ಬರಮಾಡಿಕೊಳ್ಳುತ್ತಿದ್ದದ್ದು ಕರ್ನಲ್ ಎಂಬ ಸಾಫ್ಟ್‌ವೇರ್. ಅದು ಕಂಪ್ಯೂಟರಿನೊಳಗಿನ ಯಜಮಾನ. ಯಾರೇ ಬಂದರೂ ತಡೆದು, ವಿಚಾರಿಸಿ, ಲೆಕ್ಕವಿಟ್ಟು ಒಳಗೆ ಬಿಡುತ್ತದೆ. ಎಲ್ಲ ಕೆಲಸಕ್ಕೂ ಸೈ, ಆದರೆ ನಿಧಾನ. ಹೋದ ತಿಂಗಳು ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ ಕರೆಗಳೆಲ್ಲ ಒಟ್ಟಿಗೇ ನುಗ್ಗಿ ದನಿ ಚೂರುಚೂರಾಯಿತು. ಅರ್ಧ ವಿಳಾಸ ಹಿಡಿದು ಒಂದು ಗಾಡಿ ಬೇರೆಯದೇ ಬೀದಿಗೆ ಹೋಯಿತು. ಅದಕ್ಕೇ ಹೊಸ ಏರ್ಪಾಡು: ಕರ್ನಲ್ಲನ್ನು ಬದಿಗೆ ಸರಿಸಿ, ಕರೆಯ ಪ್ರೋಗ್ರಾಮೇ, ಹೊರಗಿನ ತಂತಿ ಯಂತ್ರಕ್ಕೆ ಬಂದು ಸೇರುವ ನೆಟ್‌ವರ್ಕ್ ಕಾರ್ಡಿನಿಂದ ತುಣುಕುಗಳನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಎಂಟು ಪಟ್ಟು ವೇಗ.

"ವೇಗ ಏನೋ ಸರಿ. ಆದ್ರೆ ಕಾರ್ಡ್ ಆ ಪ್ರೋಗ್ರಾಮಿಗೆ ಕೊಟ್ಮೇಲೆ ನನ್ನ ಯಾವ ಕಮಾಂಡಿಗೂ ಸಿಗಲ್ಲ. ಕರೆ ಬರ್ತಾನೇ ಇಲ್ವೋ, ಬಂದು ಸಾಯ್ತಿದ್ಯೋ, ಎರಡೂ ಒಂದೇ ಥರ ಕಾಣುತ್ತೆ."

ಹೋದ ವಾರ ಮನೆಯಿಂದಲೇ ಮಾಡಲು ಹೋಗಿ ಎಡವಿದ್ದರು. ಯಾವ ಕಾರ್ಡಿನ ಮೂಲಕ ತಾವು ಯಂತ್ರದೊಳಗೆ ಬಂದಿದ್ದರೋ ಅದನ್ನೇ ಪ್ರೋಗ್ರಾಮಿಗೆ ಕೊಟ್ಟುಬಿಟ್ಟರು. ಪರದೆ ಹಾಗೇ ನಿಂತಿತು. ಪುಣ್ಯಕ್ಕೆ ಕರೆಗಳೆಲ್ಲ ಇನ್ನೊಂದು ಯಂತ್ರದಲ್ಲಿದ್ದವು. ಸ್ಕೂಟರ್ ಹತ್ತಿ ಬಂದು ಯಂತ್ರ ಆಫ್ ಮಾಡಿ ಮತ್ತೆ ಆನ್ ಮಾಡಿದಾಗಲೇ ಕಾರ್ಡು ಕರ್ನಲ್ಲಿಗೆ ಮರಳಿದ್ದು. "ಅಮ್ಮ ಗಾಡಿ ಓಡ್ಸಿದ್ ನೋಡಿದ್ರೆ ಆಂಬುಲೆನ್ಸ್ ಡ್ರೈವರ್ರೇ ಪಕ್ಕಕ್ಕೆ ಸರೀಬೇಕು" ಎಂದು ಮಗಳು ಈಗಲೂ ರೇಗಿಸುತ್ತಾಳೆ. ವೈರಕ್ಕ ನಗುವುದಿಲ್ಲ.

ಫೋನು ಹೊಡೆದುಕೊಳ್ಳುತ್ತದೆ. ಮೇಲಧಿಕಾರಿ.

"ಎರಡೂ ಮೆಷಿನ್ ಇವತ್ತೇ ಮುಗ್ಸಿಬಿಡಿ ಮೇಡಂ."

"ಒಂದೇ ಸರ್. ಇನ್ನೊಂದು ಕರ್ನಲ್ ಹತ್ರಾನೇ ಇರ್ಲಿ. ಇದು ಬಿದ್ರೆ ಕರೆ ಅಲ್ಲಿಗೆ ಹೋಗ್ಲಿ. ನಿಧಾನ ಆದ್ರೂ ಏನಾಗ್ತಿದೆ ಅಂತ ಕಾಣ್ಸುತ್ತೆ."

"ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ನಿಮ್ದು."

"ಇಷ್ಟು ದಿನ ಯಾರ್ದಿತ್ತು ಸರ್?"

ಕಾರ್ಡಿನ ಸಂಖ್ಯೆಯನ್ನು ಮೂರು ಸಲ ಓದಿಕೊಂಡು ಗುಂಡಿ ಒತ್ತುತ್ತಾರೆ. ಪರದೆಯ ಮೇಲಿನ ಕಾರ್ಡುಗಳ ಪಟ್ಟಿಯಿಂದ ಒಂದು ಸಾಲು ಅಳಿಸಿಹೋಗುತ್ತದೆ. ಪ್ರೊಸೆಸರಿನ ಒಂದು ಭಾಗ ನೂರಕ್ಕೆ ನೂರು ಓಡತೊಡಗುತ್ತದೆ. ಕೆಲಸವಿರಲಿ ಇಲ್ಲದಿರಲಿ, ತುಣುಕು ಬಂತೇ ಎಂದು ನೋಡುತ್ತ ಇನ್ನು ಅದು ಹೀಗೇ ಓಡುವುದು. ಅದರಿಂದ ಏನೂ ತಿಳಿಯುವುದಿಲ್ಲ. ಒಂದು ನಿಮಿಷ. ಎರಡು. ಯಾರೋ ಎಲ್ಲೋ ಫೋನು ಹಿಡಿದು ಕಾಯುತ್ತಿದ್ದರೆ? ವೈರಕ್ಕ ಎದ್ದು ಗೋಡೆಗೆ ಕಿವಿಗೊಡುತ್ತಾರೆ.

ಗೋಡೆಯಾಚೆಯಿಂದ ಕರೆ ಎತ್ತುವ ಹುಡುಗಿಯ ದನಿ: "ಹೇಳಿ ಸರ್. ಹಾಂ, ಚೆನ್ನಾಗಿ ಕೇಳಿಸ್ತಿದೆ. ಗಾಬರಿ ಆಗ್ಬೇಡಿ."

ವೈರಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಈ ಕೆಲಸದಲ್ಲಿ ಇನ್ನೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಕೀಬೋರ್ಡನ್ನು ಪಕ್ಕಕ್ಕೆ ಸರಿಸುತ್ತಾರೆ.

"ಒಂದ್ ದಿನ ಭಯ ಇಲ್ದೆ ಈ ಕೆಲ್ಸ ಮಾಡ್ಬೇಕು ಅಂತಿತ್ತು. ಬೇಡ ಬಿಡು. ಭಯ ಇಲ್ದೋರ ಕೈಗೆ ಈ ಕೋಣೆ ಕೀಲಿ ಕೊಡ್ಬಾರ್ದು."