ಶ್ರುತಿ ನಿಲ್ಲದ ಹಾಗೆ

ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೋಗುವ ಮಧ್ಯಾಹ್ನದ ಲೋಕಲ್‌ನಲ್ಲಿ ನನಗೂ ಹೆಂಡತಿಗೂ ಒಟ್ಟಿಗೆ ಸೀಟು ಸಿಗುತ್ತಿತ್ತು. ಆ ಹೊತ್ತಿನಲ್ಲಿ ಇಡೀ ಬೋಗಿ ಅರೆನಿದ್ದೆಯಲ್ಲಿರುತ್ತದೆ. ನಮ್ಮಿಬ್ಬರಿಗೂ ಒಂದೇ ಇಯರ್‌ಫೋನು. ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನದಕ್ಕೆ. ಒಳಗೆ ತಂಬೂರಿಯ ಶ್ರುತಿ, ಅವಳು ಮದುವೆಗೆ ಮೊದಲಿನಿಂದಲೂ ಹಾಡುತ್ತಿದ್ದ ಐದೂವರೆ ಮನೆಯ ಎತ್ತರದ್ದು.

ಪಾರ್ಶ್ವವಾಯು ಬಡಿದ ಮೇಲೆ ಅವಳ ಮಾತು ನಿಂತುಹೋಗಿತ್ತು. ಕಾಫಿ ಬೇಕಾ ಎಂದರೆ ತುಟಿ ಅಲ್ಲಾಡುತ್ತಿತ್ತು, ಕಣ್ಣು ತುಂಬುತ್ತಿತ್ತು, ಪದ ಬರುತ್ತಿರಲಿಲ್ಲ. ಶ್ರುತಿ ಹಾಕಿದರೆ ಮಾತ್ರ ದೇವರನಾಮ ಪಲ್ಲವಿಯಿಂದ ಕೊನೆಯ ಚರಣದವರೆಗೆ ಅಕ್ಷರ ತಪ್ಪದೆ ಬರುತ್ತಿತ್ತು. ಹಾಡುತ್ತಿರಲಿ, ಅದೇ ದಾರಿಯಲ್ಲಿ ಮಾತೂ ಬಂದೀತು ಎಂದಿದ್ದರು ನಾವು ಹೀಗೆ ತೋರಿಸಲು ಹೋಗುತ್ತಿದ್ದ ಫೋರ್ಟಿನ ಡಾಕ್ಟರಮ್ಮ. ಬಂದೀತು ಎಂದರೆ ಬರದೆಯೂ ಇರಬಹುದು. ಆ ಅರ್ಧವನ್ನು ನಾನು ಕೇಳಿಸಿಕೊಳ್ಳದವನಂತೆ ಇದ್ದೆ.

ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆಂದು ಶ್ರುತಿಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡುತ್ತಿದ್ದೆ. ಆದರೂ ಫೋನು ಜೇಬಿಗೆ ಹೋದ ಸ್ವಲ್ಪ ಹೊತ್ತಿಗೇ ತಂಬೂರಿ ನಿಲ್ಲುತ್ತಿತ್ತು. ಅವಳ ಹಾಡೂ ಪದದ ನಡುವೆ ತುಂಡಾಗುತ್ತಿತ್ತು. ಮೆಟ್ಟಿಲು ತಪ್ಪಿದವಳ ಹಾಗೆ ನನ್ನ ತೋಳು ಹಿಡಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈದರೆ ಫೋನಿಗೇನು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೊನೆಗೆ ಅದನ್ನು ಅಂಗೈಯಲ್ಲೇ ಹಿಡಿದು, ಪರದೆ ಆರದಂತೆ ಹೆಬ್ಬೆರಳಿನಿಂದ ತಟ್ಟುತ್ತಾ ಕೂರುತ್ತಿದ್ದೆ. ಜೋಗೇಶ್ವರಿ ಬರುವಷ್ಟರಲ್ಲಿ ನನಗೂ ತೂಕಡಿಕೆ. ಬೆರಳು ನಿಂತರೆ ಶ್ರುತಿಯೂ ನಿಲ್ಲುತ್ತಿತ್ತು.

ಪುಣೆಯಲ್ಲಿ ಕೆಲಸ ಮಾಡುವ ಮಗಳು ರಜೆಗೆ ಬಂದಾಗ ಫೋನು ನೋಡಿ ನಕ್ಕಳು. ಅರ್ಧ ತಪ್ಪು ನನ್ನದೇ ಅಂತೆ. ಮೈಸೂರಿನಲ್ಲಿ ಬೆಳೆದ ನನಗೆ ಯಾರೂ ಇಲ್ಲದ ಕೋಣೆಯ ದೀಪ ಆರಿಸದಿದ್ದರೆ ಸಮಾಧಾನವಿಲ್ಲ. ಫೋನಿನಲ್ಲೂ ಹಾಗೆಯೇ, ತೆರೆದ ಆ್ಯಪ್‌ಗಳನ್ನೆಲ್ಲ ಆಗಾಗ ಗುಡಿಸಿ ಹಾಕುತ್ತಿದ್ದೆ, ಬ್ಯಾಟರಿ ಉಳಿತಾಯದ ಸ್ವಿಚ್ಚನ್ನೂ ಒತ್ತಿಟ್ಟಿದ್ದೆ. ಕಣ್ಣಿಗೆ ಕಾಣದೆ ಓಡುವುದೆಲ್ಲ ದಂಡ ಎಂದೇ ನನ್ನ ನಂಬಿಕೆ.

"ಅಪ್ಪಾ, ಇದು ಪೀಛೇ ಚಾಲೂ ಇರ್ಬೇಕು. ಹಾಥ್ ಮತ್ ಲಗಾನಾ," ಎಂದು, ಇನ್ನು ಕೈ ಹಚ್ಚದಂತೆ ತನ್ನ ಮುಂಬೈ ಕನ್ನಡದಲ್ಲಿ ಗದರಿಸಿ, ಪರದೆ ಆರಿದ ಮೇಲೂ ಶ್ರುತಿ ಓಡುವಂತೆ ಅನುಮತಿ ಒತ್ತಿಕೊಟ್ಟಳು.

ಆಮೇಲಿನ ಮಧ್ಯಾಹ್ನಗಳು ಒಂದರೊಳಗೊಂದು ಬೆರೆತುಹೋಗಿವೆ. ಫೋನು ಜೇಬಿನಲ್ಲಿ ಮಲಗಿರುತ್ತಿತ್ತು, ತಂಬೂರಿ ನಡೆಯುತ್ತಲೇ ಇರುತ್ತಿತ್ತು. ಸ್ಟೇಷನ್ನುಗಳು ಬಂದು ಹೋಗುತ್ತಿದ್ದವು. ಅವಳ ಹಾಡು ಎಲ್ಲಿ ಮುಗಿಯಿತು, ನನ್ನ ನಿದ್ದೆ ಎಲ್ಲಿ ಶುರುವಾಯಿತು, ಗೊತ್ತಾಗುತ್ತಿರಲಿಲ್ಲ. ಮಾತು ಬರದಿದ್ದರೆ ಬೇಡ, ಹೀಗೇ ಇದ್ದರೂ ಸಾಕು ಅನ್ನಿಸುತ್ತಿತ್ತು. ಎಚ್ಚರವಾದಾಗ ಮಾತ್ರ ಅದು ಸುಳ್ಳೆಂದು ತಿಳಿಯುತ್ತಿತ್ತು.

ಅಂಥ ಒಂದು ಮಧ್ಯಾಹ್ನ, ಗಾಡಿ ಮಾಹಿಮ್ ಖಾಡಿಯ ಸೇತುವೆಯ ಮೇಲೆ ಹೋಗುತ್ತಿದ್ದಾಗ ತಂಬೂರಿ ನಿಂತಿತು. ಕಿವಿಯಲ್ಲಿ ರಿಂಗು. ಏನೇ ಅನುಮತಿ ಕೊಟ್ಟಿದ್ದರೂ ಫೋನ್ ಬಂದರೆ ಶ್ರುತಿ ದಾರಿ ಬಿಡಲೇಬೇಕು. ಅವಳ ಹಾಡು ಕಡಿಯಿತು. ಗಾಬರಿಯಿಂದ ಫೋನು ಹೊರತೆಗೆದೆ. ಪರದೆಯ ಮೇಲೆ ಮಗಳ ಮುಖ. ಮೊದಲು ಶ್ರುತಿ ಮರಳಲಿ ಎಂದು ಕೆಂಪು ಗುಂಡಿ ಒತ್ತಲು ಹೊರಟೆ. ಹೆಂಡತಿ ನನ್ನ ಬೆರಳು ಹಿಡಿದಳು.

"ರೀ... ಮಗು ಫೋನು. ಎತ್ತಿ."

ರಾಗವಿರಲಿಲ್ಲ. ಬರೀ ಮಾತು.

ಎತ್ತಿದೆ. ಮಗಳು ಹಲೋ ಹಲೋ ಅನ್ನುತ್ತಿದ್ದಳು. ಫೋನನ್ನು ಹೆಂಡತಿಯ ಕೈಗೇ ಕೊಟ್ಟೆ.