ಅಕ್ಕ ಹಾಸಿದ ಸಮುದ್ರ

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಕಾಟಿಪಳ್ಳದಲ್ಲಿ ಮನೆಗಳಿಗಿಂತ ಬಯಲೇ ಹೆಚ್ಚು. ಬಂದರಿಗೆ ಜಾಗ ಬಿಟ್ಟುಕೊಟ್ಟು ಕಡಲ ಬದಿಯಿಂದ ಬಂದ ನಮಗೆ ಸಿಕ್ಕಿದ್ದು ಕೆಂಪು ಮುರಕಲ್ಲಿನ ಬೋಳು ನೆಲ. ಅಲೆಯ ಸದ್ದಿಲ್ಲದ ಮನೆ ಒಂಬತ್ತು ವರ್ಷದ ನನಗೆ ಬೇಗ ಒಗ್ಗಿತು. ಹದಿಮೂರರ ಅಕ್ಕ ಸುಮತಿಗೆ ಒಗ್ಗಲಿಲ್ಲ.

ಆ ಬೇಸಿಗೆಯಲ್ಲಿ ಅಮ್ಮ ಮರುವಾಯಿ ಎಂಬ ಕಪ್ಪೆಚಿಪ್ಪು ಹಾಕಿ ಅಕ್ಕಿಯ ಪುಂಡಿ ಮಾಡಿದಾಗಲೆಲ್ಲ ಅಕ್ಕ ಚಿಪ್ಪುಗಳನ್ನು ತೊಳೆದು ಗೋಣಿಗೆ ತುಂಬುತ್ತಿದ್ದಳು. ನೆರೆಮನೆಗಳಿಂದಲೂ ಕೇಳಿ ತಂದಳು. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಅವನ್ನು ಅಲೆಗಳ ಹಾಗೆ ಸಾಲುಸಾಲಾಗಿ ಬಾಗಿಸಿ ಇಡತೊಡಗಿದಳು. ಚಿಪ್ಪಿನ ನೊರೆ, ಗಾಳಿಮರದ ಒಣ ಎಲೆಗಳ ನೀರು; ಮೂವತ್ತು ಹೆಜ್ಜೆ ಉದ್ದದ ಸಮುದ್ರ. ನಾನು ಲಗೋರಿ ಬಿಟ್ಟು ಎಲೆ ಹೊತ್ತೆ. ಬಿಸಿಲೇರಿದರೆ ಚಿಪ್ಪಿನ ಉಪ್ಪುವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು.

ಪಕ್ಕದ ಮನೆಯ ಕಮಲಕ್ಕ ಬೇಲಿಯಾಚೆ ನಿಂತು, "ಇದೆಂತ, ಮಾಟ ಮಾಡಿದ ಹಾಗೆ ಉಂಟು. ನೋಡ್ಲಿಕ್ಕೇ ಹೆದರಿಕೆ ಆಗ್ತದೆ" ಎಂದರು.

ದಾರಿಯಲ್ಲಿ ಹೋಗುತ್ತಿದ್ದ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಒಪ್ಪಲಿಲ್ಲ. "ಮಾಟವೂ ಅಲ್ಲ, ಚಿತ್ರವೂ ಅಲ್ಲ. ಚಿತ್ರ ಅಂದ್ರೆ ಗೋಡೆಗೆ ಹಾಕ್ಲಿಕ್ಕೆ ಆಗ್ಬೇಕು."

"ಗೋಡೆ ಯಾಕೆ ಸರ್? ನೆಲ ಉಂಟಲ್ಲ" ಎಂದಳು ಅಕ್ಕ, ತಲೆ ಎತ್ತದೆ.

ಅಪ್ಪನದು ಬೇರೆಯೇ ಲೆಕ್ಕ. "ಮಳೆಗೆ ಮೊದಲು ಅಲ್ಲಿ ಬಸಳೆ ಹಾಕ್ಲಿಕ್ಕುಂಟು. ತೆಗಿ."

ಅಕ್ಕ ತೆಗೆಯಲಿಲ್ಲ. ಮರುದಿನ ಅಪ್ಪ ಪಿಕ್ಕಾಸಿನಿಂದ ಒಂದು ಮೂಲೆ ಅಗೆದರು. ಆ ಮೂಲೆಯ ಚಿಪ್ಪುಗಳನ್ನು ಅವಳು ಇನ್ನೊಂದು ತುದಿಗೆ ಜೋಡಿಸಿದಳು. ಅಪ್ಪ ಮತ್ತಷ್ಟು ಅಗೆದರು, ಅವಳು ಮತ್ತಷ್ಟು ಸರಿಸಿದಳು. ಒಂದು ವಾರದಲ್ಲಿ ಸಮುದ್ರ ಹಿತ್ತಿಲು ದಾಟಿ ರಸ್ತೆಯಂಚಿಗೆ ಬಂತು. ಬಸ್ಸಿಗೆ ಕಾಯುವವರೂ ವಾದಕ್ಕೆ ನಿಂತರು. ಇಷ್ಟು ಚಿಪ್ಪಿನಿಂದ ಸುಣ್ಣ ಸುಡಬಹುದಿತ್ತು ಎಂದವರುಂಟು; ಚಪ್ಪಲಿ ಬಿಟ್ಟು ಬದಿಯಲ್ಲಿ ನಡೆದವರೂ ಉಂಟು.

ಮೊದಲ ಮಳೆ ಒಂದೇ ಗಂಟೆಯಲ್ಲಿ ಎಲ್ಲವನ್ನೂ ಚರಂಡಿಗೆ ತಳ್ಳಿತು. ಅಕ್ಕ ಅಳಲಿಲ್ಲ. ಬುಟ್ಟಿ ಹಿಡಿದು ಹೊರಟಳು. ನೋಡಿದರೆ ಅಪ್ಪ ಆಗಲೇ ಮೊಣಕಾಲವರೆಗೆ ಕೆಂಪು ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುತ್ತಿದ್ದರು.

"ಚಂದ ಅಂತ ಅಲ್ಲ" ಎಂದರು ಅಪ್ಪ. "ನೀನು ಬಿಡುವವಳಲ್ಲ ಅಂತ ಗೊತ್ತುಂಟು. ಇನ್ನು ಎದುರಿನ ಅಂಗಳದಲ್ಲಿ ಮಾಡು."

ಈಗ ಆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿದ್ದಾರೆ. ಅಪ್ಪ ಇಲ್ಲ. ನನ್ನ ಮೊಮ್ಮಗಳು ಏನು ಮಾಡಿ ತೋರಿಸಿದರೂ ನಾವೆಲ್ಲ "ಚಂದ ಉಂಟು" ಎಂದು ಒಳಗೆ ಹೋಗುತ್ತೇವೆ. ನಿಂತು ನೋಡಿ, ಜಗಳಾಡುವಷ್ಟು ಹೊತ್ತು ಯಾರಲ್ಲೂ ಇಲ್ಲ.